ಗೌರಿಯ ಪಾಲಿನ ಊಟ

ಮದುವೆಯ ಕಡೆಯ ಪಂಕ್ತಿ ಎದ್ದ ಮೇಲೆ ಕೊಪ್ಪರಿಗೆಯಲ್ಲಿ ಬಹಳ ಅನ್ನ ಉಳಿದಿತ್ತು. ಅದನ್ನು ಚೆಲ್ಲಲು ಆ ಮನೆಯ ಯಜಮಾನಿಗೆ ಮನಸ್ಸೊಪ್ಪಲಿಲ್ಲ. “ಗೌರಿಯೂ ಮನೆಯವಳೇ ಅಲ್ಲವೆ? ಅವಳೂ ಮದುವೆಯ ಊಟ ಉಣ್ಣಲಿ” ಎಂದು ಎರಡು ಮಂಕರಿ ಅನ್ನವನ್ನು ಹಸುವಿನ ಗೋದಲೆಗೆ ಹಾಕಿಸಿದಳು. ಗೌರಿ ತಲೆಯೆತ್ತದೆ ತಿಂದಿತು. ನೋಡಿದವರೆಲ್ಲರೂ ಸಂತೋಷಪಟ್ಟರು.

ಮರುದಿನ ಬೆಳಗ್ಗೆ ಹಸು ಮೆಲುಕು ಹಾಕುತ್ತಿರಲಿಲ್ಲ. ಕಣ್ಣುಗಳು ಗುಳಿಬಿದ್ದಿದ್ದವು, ಎಬ್ಬಿಸಿದರೂ ಏಳಲಿಲ್ಲ. ನೆರೆಯವರು ದೃಷ್ಟಿ ತಾಗಿತೆಂದು ನಿವಾಳಿಸಿದರು. ಅನ್ನದ ಮೇಲೆ ಯಾರಿಗೂ ಸಂಶಯ ಹುಟ್ಟಲಿಲ್ಲ. ಪಶುವೈದ್ಯನು ಬರುವಷ್ಟರಲ್ಲಿ ಹೊತ್ತು ಮೀರಿತ್ತು.

ಮನುಷ್ಯನ ಜಠರವು ಒಂದೇ ಚೀಲ, ಹಂದಿಯದೂ ಹಾಗೆಯೇ. ಹಸು, ಎಮ್ಮೆ, ಕುರಿ, ಆಡುಗಳ ಜಠರದಲ್ಲಾದರೋ ನಾಲ್ಕು ಕೋಣೆಗಳುಂಟು. ಮೊದಲನೆಯದೇ ಎಲ್ಲಕ್ಕಿಂತ ದೊಡ್ಡದು; ದೊಡ್ಡ ಹಸುವಿನಲ್ಲಿ ಅದು 100 ಲೀಟರಿಗೂ ಮಿಕ್ಕು ಹಿಡಿಯುವುದು. ಹುಲ್ಲಿನ ನಾರನ್ನು ಕರಗಿಸುವ ಶಕ್ತಿ ಹಸುವಿಗೆ ಸ್ವತಃ ಇಲ್ಲ. ಆ ಕೋಣೆಯಲ್ಲಿ ನೆಲೆಸಿರುವ ಅಸಂಖ್ಯ ಸೂಕ್ಷ್ಮಜೀವಿಗಳು ಅದನ್ನು ಹುದುಗಿಸಿಕೊಡುತ್ತವೆ. ಇದರಿಂದ ಹುಟ್ಟುವ ಹುಳಿಯನ್ನು ಜೊಲ್ಲಿನ ಕ್ಷಾರವು ತಗ್ಗಿಸುತ್ತದೆ. ಹಸು ದಿನಕ್ಕೆ ಸುಮಾರು 8 ಗಂಟೆ ಮೆಲುಕು ಹಾಕುವುದು ಸೋಮಾರಿತನದಿಂದಲ್ಲ. ಹುಲ್ಲು ನುಣ್ಣಗಾಗಬೇಕು, ಜೊಲ್ಲು ಒಳಗಿಳಿಯಬೇಕು.

ಅನ್ನಕ್ಕೆ ಮೆಲುಕು ಬೇಡ. ಆದಕಾರಣ ಜೊಲ್ಲೂ ಸಾಲದು. ಅದು ಕೆಲವೇ ಗಂಟೆಗಳಲ್ಲಿ ಹುಳಿತು, ನಾರನ್ನು ಕರಗಿಸುವ ಜೀವಿಗಳನ್ನು ಕೊಲ್ಲುತ್ತದೆ. ಮೈಯ ನೀರನ್ನು ಹೊಟ್ಟೆಗೆ ಸೆಳೆಯುತ್ತದೆ. ಕಡೆಗೆ ಹುಳಿಯು ರಕ್ತಕ್ಕೂ ಏರುತ್ತದೆ.

ಕುದುರೆಯೂ ಹುಲ್ಲನ್ನೇ ತಿನ್ನುತ್ತದೆ. ಆದರೆ ಮೆಲುಕು ಹಾಕದು. ಅದರ ಜಠರ ಚಿಕ್ಕದು. ಹುಲ್ಲು ಹುದುಗುವುದು ಸಣ್ಣ ಕರುಳನ್ನು ದಾಟಿ, ದೊಡ್ಡ ಕರುಳಿನಲ್ಲಿ. ತಿಂದದ್ದನ್ನು ವಾಂತಿ ಮಾಡಿ ಕಳೆಯಲೂ ಅದಕ್ಕೆ ಆಗದು. ಆದುದರಿಂದ ಕುದುರೆಗೆ ಕಾಳನ್ನು ಸ್ವಲ್ಪಸ್ವಲ್ಪವಾಗಿಯೇ ಕೊಡತಕ್ಕದ್ದು. ಕೋಳಿಗೆ ಹಲ್ಲೇ ಇಲ್ಲ. ಅದು ಕಾಳನ್ನು ಕೊರಳಿನ ಚೀಲದಲ್ಲಿ ನೆನೆಯಿಸಿ, ಗಟ್ಟಿಯಾದ ಒಳಚೀಲದಲ್ಲಿ ತಾನು ನುಂಗಿದ ಹರಳುಗಳಿಂದ ಬೀಸಿಕೊಳ್ಳುತ್ತದೆ. ಒಂದೇ ಅಂಗಳದಲ್ಲಿ ಬಾಳುವ ಪ್ರಾಣಿಗಳಾದರೂ ಅವುಗಳ ಅಡಿಗೆಮನೆಗಳು ಬೇರೆಬೇರೆ.

ಎರಡು ವರ್ಷಗಳ ತರುವಾಯ ಅದೇ ಮನೆಯಲ್ಲಿ ಕಿರಿಯ ಮಗಳ ಮದುವೆಯಾಯಿತು. ಆಗಲೂ ಅನ್ನ ಉಳಿಯಿತು. ಯಜಮಾನಿ ಅದನ್ನು ಕತ್ತಲಾಗುವ ಮುನ್ನವೇ ಕೇರಿಯ ಮನೆಮನೆಗೂ ಕಳುಹಿಸಿದಳು. ಅನಂತರ ಕೊಟ್ಟಿಗೆಗೆ ಹೋಗಿ, ಗೌರಿಯ ಕರುವಿನ ಮುಂದೆ ತನ್ನ ಕೈಯಿಂದಲೇ ಒಂದು ಹೊರೆ ಹುಲ್ಲನ್ನು ಬಿಚ್ಚಿಹಾಕಿ, ಅದು ಮೆಲುಕು ಹಾಕತೊಡಗುವವರೆಗೂ ಅಲ್ಲಿಯೇ ನಿಂತಿದ್ದಳು.