ಬೆನ್ನುಹುರಿಯ ಪಾಠಾಂತರ

ಎಲ್ಲ ಆರಂಭವಾದದ್ದು ಒಂದು ಚಪ್ಪಲಿಯಿಂದ. ಷಟ್ಪದಿಯ ಲಕ್ಷಣ ಹೇಳುತ್ತ ಬೆಂಚುಗಳ ನಡುವೆ ಅಡ್ಡಾಡಿ ಮೇಜಿನ ಬಳಿಗೆ ಮರಳಿದೆ. ಎಡಗಾಲಿನ ಚಪ್ಪಲಿ ಕೊನೆಯ ಬೆಂಚಿನ ಹತ್ತಿರವೇ ಉಳಿದಿತ್ತು. ನನಗೆ ಅರಿವೇ ಇರಲಿಲ್ಲ. ಹುಡುಗರು ನಕ್ಕರು. ಮೇಷ್ಟರ ಮರೆವೆಂದು ನಾನೂ ನಕ್ಕೆ. ವಾರ ಕಳೆಯುವಷ್ಟರಲ್ಲಿ ಜೋಮು ಸೊಂಟಕ್ಕೇರಿತು, ಆಮೇಲೆ ನಗಲಿಲ್ಲ.

ಎಮ್.ಆರ್.ಐ. ಯಂತ್ರದ ಕೊಳವೆಯೊಳಗೆ ಮುಕ್ಕಾಲು ಗಂಟೆ ಮಲಗಿದ್ದಾಯಿತು. ವರದಿ ಬಂತು: ಎದೆಯ ಮಟ್ಟದಲ್ಲಿ ಬೆನ್ನುಹುರಿ ಊದಿದೆ, ಗೆಡ್ಡೆಯಿರಬಹುದು, ಉರಿಯೂತವೂ ಇರಬಹುದು. ಆ ಎರಡು 'ಬಹುದು'ಗಳ ನಡುವೆ 3 ದಿನ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಮಗಳ ಮುಂದೆ 'ಗೆಡ್ಡೆ' ಎಂಬ ಮಾತನ್ನೇ ಬಿಟ್ಟೆವು. ಆಲೂಗೆಡ್ಡೆಯ ಹೆಸರೂ ಅಡಿಗೆಮನೆಯಿಂದ ಮರೆಯಾಯಿತು!

"ಒಂದು ಚೂರು ತೆಗೆದು ಪರೀಕ್ಷಿಸಿದರೆ ಮುಗಿಯಿತಲ್ಲ?" ಎಂದೆ. ನರರೋಗದ ವೈದ್ಯರು ತಮ್ಮ ಕಿರುಬೆರಳು ತೋರಿಸಿದರು. "ಹುರಿಯ ದಪ್ಪ ಹೆಚ್ಚುಕಡಿಮೆ ಇಷ್ಟೇ, ಮೇಷ್ಟ್ರೇ. ಚೂರು ತೆಗೆಯಲು ಹೋಗಿ ಕಾಲೇ ಬಿದ್ದುಹೋದರೆ? ಮೊದಲು ಚಿತ್ರ ಓದೋಣ."

ಓದುವುದೆಂದರೆ ನನ್ನ ಕಸುಬು, ಕುರ್ಚಿ ಎಳೆದುಕೊಂಡೆ. ಹುರಿಯೊಳಗಿನ ಗೆಡ್ಡೆ ಸಾಮಾನ್ಯವಾಗಿ ಅದನ್ನು ಉಬ್ಬಿಸುತ್ತದೆ; ರಕ್ತಕ್ಕೆ ಚುಚ್ಚಿದ ಗ್ಯಾಡೋಲಿನಿಯಂ ಹೀರಿ ಹಲವು ಸಲ ಬೆಳ್ಳಗೆ ಹೊಳೆಯುತ್ತದೆ. ಆದರೆ ಉರಿಯೂತವೂ ಉಬ್ಬೀತು, ಹೊಳೆದೀತು. ತೊಡಕಿರುವುದೇ ಅಲ್ಲಿ. ಆದ್ದರಿಂದ ಅಕ್ಕಪಕ್ಕ ನೋಡಬೇಕು. ಮಲ್ಟಿಪಲ್ ಸ್ಕ್ಲೆರೋಸಿಸ್‌ನ ಕಲೆ ಸಾಮಾನ್ಯವಾಗಿ ಮೋಟು, ಹುರಿಯ ಅಂಚಿಗೆ ಅಂಟಿಕೊಂಡದ್ದು. ಮಿದುಳಿನಲ್ಲೂ ಅದರ ನೆಂಟರು ಸಿಗುವುದುಂಟು. ನ್ಯೂರೋಮೈಲೈಟಿಸ್ ಆಪ್ಟಿಕಾ ಬೆನ್ನೆಲುಬಿನ 3 ಮಣಿಗಳನ್ನೂ ಮೀರಿ ಉದ್ದಕ್ಕೆ ಹಬ್ಬುತ್ತದೆ. ಅದಕ್ಕೆ ರಕ್ತಪರೀಕ್ಷೆಯ ಸಾಕ್ಷಿ ಬೇರೆ. ಹುರಿಗೆ ರಕ್ತ ನಿಂತದ್ದಾದರೆ ಕೆಲವೇ ಗಂಟೆಗಳಲ್ಲಿ ಕಾಲು ಸೋಲುತ್ತದೆ. ಗೆಡ್ಡೆಯದು ಬಹುಮಟ್ಟಿಗೆ ತಿಂಗಳುಗಟ್ಟಲೆಯ ಕೆಲಸ. ಚಪ್ಪಲಿ ಕಳಚಿದ್ದು ಯಾವತ್ತೆಂದು ಅವರು ಎರಡು ಸಲ ಕೇಳಿದ್ದು ಆಗ ಅರ್ಥವಾಯಿತು. ಓಲೆಗರಿಯಲ್ಲಿ ಅಕ್ಷರವೊಂದು ಸಂದೇಹವಾದರೆ ಹಿಂದುಮುಂದಿನ ಪದ್ಯ ನೋಡದೆ ತಿದ್ದಬೇಡಿ ಎಂದು ಇಪ್ಪತ್ತು ವರ್ಷದಿಂದ ಪಾಠ ಹೇಳುತ್ತಿರುವವನು, ಚೂರು ತೆಗೆಯಿರಿ ಎಂದು ಅವಸರಪಟ್ಟಿದ್ದೆ.

ಸ್ಟೆರಾಯ್ಡ್ ಕೊಟ್ಟರು. 6 ವಾರದ ಮೇಲೆ ತೆಗೆದ ಚಿತ್ರದಲ್ಲಿ ಊತ ಅರ್ಧಕ್ಕಿಳಿದಿತ್ತು. ನನ್ನಾಕೆ ತುಪ್ಪದ ದೀಪ ಹಚ್ಚಿದಳು. ವೈದ್ಯರು ಮಾತ್ರ, ಆ ಔಷಧಕ್ಕೆ ಗೆಡ್ಡೆಯ ಸುತ್ತಲ ಊತವೂ ತಗ್ಗಬಹುದು, ಇನ್ನು 3 ತಿಂಗಳಿಗೆ ಮತ್ತೆ ನೋಡೋಣ ಎಂದರು. ಮತ್ತೊಂದು 'ಬಹುದು'! ಆ ಮೂರು ತಿಂಗಳನ್ನು ಹೇಗೆ ಕಳೆದೆವೆಂದು ಬರೆಯಲಾರೆ.

ಕಡೆಯ ಚಿತ್ರದಲ್ಲಿ ಉಳಿದದ್ದು ಸಣ್ಣದೊಂದು ಬಿಳಿ ಗೆರೆ. ಅಂದು ಸಂಜೆ ಮನೆಯಲ್ಲಿ ಆಲೂಗೆಡ್ಡೆ ಪಲ್ಯ. ಎಡಗಾಲಿನ ಹೆಬ್ಬೆರಳು ಇಂದಿಗೂ ಜೋಮೇ.