ರಾತ್ರಿ ಪಾಳಿಯ ಕಾಲುಗಳು

ನನ್ನ ಮೈಯ ಬಾಕಿ ಅಂಗಗಳೆಲ್ಲ ಹತ್ತೂವರೆಯ ಹೊತ್ತಿಗೆ ಮಲಗಲು ಒಪ್ಪಿಕೊಳ್ಳುತ್ತವೆ. ಕಣ್ಣು ತಾನಾಗಿ ಮುಚ್ಚುತ್ತದೆ. ಬೆನ್ನು ಹಾಸಿಗೆಗೆ ತಗುಲಿದ್ದೇ ತಡ ಹಗುರಾಗುತ್ತದೆ. ದಿನವಿಡೀ ಬಿಡುವಿಲ್ಲದ ನಾಲಿಗೆ ಕೂಡ ಸುಮ್ಮನಾಗುತ್ತದೆ. ಕಾಲುಗಳು ಮಾತ್ರ ಜಪ್ಪಯ್ಯ ಅನ್ನುವುದಿಲ್ಲ. ಮೊಣಕಾಲಿನ ಕೆಳಗೆ, ಮೀನಖಂಡದ ಒಳಗೆಲ್ಲೋ, ಏನೋ ಒಂದು ಎದ್ದು ಕೂರುತ್ತದೆ. ಕಾಲು ಚಾಚಿದರೆ ಒಂದು ಗಳಿಗೆ ತೆಪ್ಪಗಿರುತ್ತದೆ. ಮಡಿಸಿದರೆ ಇನ್ನೊಂದು ಗಳಿಗೆ. ಎದ್ದು ನಾಲ್ಕು ಹೆಜ್ಜೆ ಹಾಕಿದೆನೋ, ಏನೂ ನಡೆದೇ ಇಲ್ಲವೆಂಬಷ್ಟು ಸಭ್ಯವಾಗಿಬಿಡುತ್ತದೆ. ಮಲಗಿದರೆ ಮತ್ತೆ ಶುರು.

ಮತ್ತಿಕೆರೆಯಲ್ಲಿ ಆ ಹೊತ್ತಿಗೆ ಎಚ್ಚರವಿರುವವರಿಗೇನೂ ಬರವಿಲ್ಲ. ಎದುರಿನ ಪಿ.ಜಿ.ಯಲ್ಲಿ ಇಂಜಿನಿಯರಿಂಗ್ ಹುಡುಗರು ನಾಳೆಯ ಇಂಟರ್ನಲ್ಸ್‌ಗೆ ಓದುತ್ತಿರುತ್ತಾರೆ, ಅಥವಾ ಏನೂ ಓದಿಲ್ಲವೆಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿರುತ್ತಾರೆ. ಯಶವಂತಪುರದ ಎ.ಪಿ.ಎಂ.ಸಿ. ಯಾರ್ಡಿಗೆ ಈರುಳ್ಳಿ ಲಾರಿಗಳು ಬರುತ್ತಿರುತ್ತವೆ. ಗಾಳಿ ಈ ಕಡೆ ಬೀಸಿದರೆ ಸ್ಟೇಷನ್ನಿನಿಂದ ರೈಲಿನ ಕೂಗು ಕೇಳುತ್ತದೆ. ಇವರಿಗೆಲ್ಲ ಎಚ್ಚರವಿರಲು ಒಂದು ಕಾರಣವಿದೆ. ನಾನು ಹಾಲಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಾಲಿಗೆ ಯಾವ ಕೆಲಸವೂ ಇಲ್ಲದೆ ಓಡಾಡುತ್ತಿರುತ್ತೇನೆ. ಬೆಳಗಿನ ಆರು ಗಂಟೆಗೆ ಜೆ.ಪಿ. ಪಾರ್ಕಿನಲ್ಲಿ ಇದೇ ನಡಿಗೆ ನಡೆದರೆ ಕಂಡವರೆಲ್ಲ ನಮಸ್ಕಾರ ಮಾಡುತ್ತಾರೆ. ರಾತ್ರಿ ಒಂದು ಗಂಟೆಗೆ ಮನೆಯೊಳಗೆ ನಡೆದರೆ ಹೆಂಡತಿ ಎದ್ದು ಕೂತು, "ಏನಾಯ್ತು ರೀ?" ಎಂದು ಗಾಬರಿಯಾಗುತ್ತಾಳೆ.

ಅವಳ ಒತ್ತಾಯಕ್ಕೇ ನರರೋಗದ ಡಾಕ್ಟರ ಹತ್ತಿರ ಹೋದದ್ದು. ಚಿಕ್ಕ ವಯಸ್ಸಿನ ಹೆಣ್ಣುಮಗಳು. "ನೋವಾ ಸರ್?" ಎಂದರು. ಅಲ್ಲ. "ಉರಿನಾ?" ಅದೂ ಅಲ್ಲ. "ಜೋಮು ಹಿಡಿಯುತ್ತಾ?"

"ಜೋಮು ಹಿಡಿದ್ರೆ ಕಾಲು ಇರೋದೇ ಗೊತ್ತಾಗಲ್ಲ ಡಾಕ್ಟ್ರೇ. ಇದರಲ್ಲಿ ಕಾಲು ಬಿಟ್ಟು ಬೇರೇನೂ ಗೊತ್ತಾಗಲ್ಲ."

ಅವರ ಮುಖ ಅರಳಿತು. ಕಾಲು ಆಡಿಸಲೇಬೇಕು ಅನ್ನಿಸುತ್ತದೆಯೇ, ಸುಮ್ಮನೆ ಕೂತಾಗ ಮಲಗಿದಾಗ ಹೆಚ್ಚೇ, ಓಡಾಡಿದರೆ ಹೋಗುತ್ತದೆಯೇ, ಸಂಜೆಯಿಂದ ಏರುತ್ತದೆಯೇ ಎಂದು ಒಂದರ ಹಿಂದೊಂದು ಕೇಳಿದರು. ಎಲ್ಲಕ್ಕೂ ಹೌದೆಂದೆ. ಈಚಿನ ವರ್ಷಗಳಲ್ಲಿ ಇಷ್ಟೊಂದು ಪ್ರಶ್ನೆಗೆ ನಾನು ಸರಿಯುತ್ತರ ಕೊಟ್ಟ ಬೇರೆ ಪರೀಕ್ಷೆ ನೆನಪಿಲ್ಲ. ಇದಕ್ಕೆ ರೆಸ್ಟ್‌ಲೆಸ್ ಲೆಗ್ಸ್ ಎನ್ನುತ್ತಾರಂತೆ. ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ ಎಂಬ ವೈದ್ಯ 1672ರಲ್ಲೇ ಇಂಥ ರೋಗಿಗಳ ಬಗ್ಗೆ ಬರೆದಿದ್ದಾನೆ. ನಿದ್ದೆಗೆಡುತ್ತಿದ್ದ ಅವರಿಗೆ ಅಫೀಮಿನ ಔಷಧಿ ಕೊಟ್ಟಿದ್ದಾನೆ. ಆಮೇಲೆ ಜಗತ್ತು ಇದನ್ನು ಹೆಚ್ಚುಕಡಿಮೆ ಮರೆತೇಬಿಟ್ಟಿತು. 1945ರಲ್ಲಿ ಸ್ವೀಡನ್ನಿನ ಕಾರ್ಲ್ ಆಕ್ಸೆಲ್ ಎಕ್‌ಬೊಮ್ ಇದರ ಮೇಲೊಂದು ಪುಸ್ತಕವನ್ನೇ ಬರೆದು ಹೆಸರಿಟ್ಟ. ನಡುವಿನ ಇನ್ನೂರೆಪ್ಪತ್ತಕ್ಕೂ ಹೆಚ್ಚು ವರ್ಷ ಅದೆಷ್ಟು ಜನ ಅದೆಷ್ಟು ದೇಶಗಳ ಹಜಾರಗಳಲ್ಲಿ ಕಾರಣ ತಿಳಿಯದೆ ನಡೆದಾಡಿದರೋ.

ತಪ್ಪು ಕಾಲಿನದಲ್ಲ, ತಲೆಯದು ಎಂದರು ಡಾಕ್ಟರು. ಮಿದುಳಿಗೆ ಕಬ್ಬಿಣ ಸಾಲದೆ ಹೋದರೆ ಅಲ್ಲಿಯ ಡೋಪಮಿನ್ ವ್ಯವಹಾರ ಏರುಪೇರಾಗುತ್ತದೆ. ಹಿಮೋಗ್ಲೋಬಿನ್ ಸರಿಯಿದ್ದರೂ ಸಾಲದು. ಕಬ್ಬಿಣದ ದಾಸ್ತಾನು ಹೇಳುವ ಫೆರಿಟಿನ್ ಲೀಟರಿಗೆ 75 ಮೈಕ್ರೋಗ್ರಾಂ ದಾಟಿದ್ದರೆ ಒಳ್ಳೆಯದು. ಮೂತ್ರಪಿಂಡ ಕೆಟ್ಟವರಿಗೆ ಇದು ಹೆಚ್ಚು. ತುಂಬುಗರ್ಭಿಣಿಯರನ್ನೂ ಕಾಡುತ್ತದೆ, ಆದರೆ ಹೆರಿಗೆಯಾದ ಮೇಲೆ ಸಾಮಾನ್ಯವಾಗಿ ಹೊರಟುಹೋಗುತ್ತದೆ. ನನಗೆ ಆ ದಾರಿಯೂ ಇಲ್ಲ. ಕಬ್ಬಿಣದ ಮಾತ್ರೆಯನ್ನು ನಿಂಬೆಹಣ್ಣಿನ ಪಾನಕದ ಜೊತೆ ತೆಗೆದುಕೊಳ್ಳಿ. ಅದರ ಆಸುಪಾಸಿನಲ್ಲಿ ಕಾಫಿ ಟೀ ಬೇಡ, ಅವು ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ಸಂಜೆಯ ಕಾಫಿಯಂತೂ ಬೇಡವೇ ಬೇಡ. ನೆಗಡಿಗೆಂದು ನೀವೇ ಮಾತ್ರೆ ನುಂಗಬೇಡಿ, ಕೆಲವು ಅಲರ್ಜಿ ಮಾತ್ರೆಗಳು ಇದನ್ನು ಕೆರಳಿಸುತ್ತವೆ. ಇದಿಷ್ಟಕ್ಕೂ ಜಗ್ಗದಿದ್ದರೆ ಡೋಪಮಿನ್ ಕೆಲಸ ಮಾಡುವ ಗುಳಿಗೆಗಳಿವೆ. ಆದರೆ ವರ್ಷಗಟ್ಟಲೆ ನುಂಗಿದರೆ ಕೆಲವರಿಗೆ ರೋಗವೇ ಹೆಚ್ಚಾಗುತ್ತದೆ, ಮತ್ತೆ ಕೆಲವರಿಗೆ ಜೂಜಿನ ಹುಚ್ಚು ಹಿಡಿಯುತ್ತದೆ ಎಂದರು. ಹೆಂಡತಿ ನನ್ನ ಮುಖ ನೋಡಿದಳು. ಮದುವೆ ಛತ್ರಗಳಲ್ಲಿ ರಮ್ಮಿ ಆಡಲು ಕರೆದರೆ ಚಿಲ್ಲರೆ ಇಲ್ಲವೆಂದು ತಪ್ಪಿಸಿಕೊಳ್ಳುವ ಈ ಮನುಷ್ಯ ಒಮ್ಮೆಯಾದರೂ ಹಾಗಾದರೆ ಹೇಗಿದ್ದಾನು ಎಂಬ ಕುತೂಹಲ ಅವಳ ಕಣ್ಣಲ್ಲಿತ್ತು. ಕಬ್ಬಿಣದಿಂದಲೇ ಶುರು ಮಾಡೋಣ ಎಂದೆ.

ಕೊನೆಗೆ ಡಾಕ್ಟರು, "ಮನೇಲಿ ಬೇರೆ ಯಾರಿಗಾದ್ರೂ ಇತ್ತಾ ಸರ್?" ಎಂದರು. ಇದು ವಂಶದಲ್ಲಿ ಹರಿದು ಬರುವುದುಂಟು; ಜರ್ಮನಿಯ ಮತ್ತು ಐಸ್‌ಲ್ಯಾಂಡಿನ ಸಂಶೋಧಕರು 2007ರಲ್ಲಿ ಇದಕ್ಕೆ ಸಂಬಂಧಪಟ್ಟ ಜೀನ್‌ಗಳನ್ನೂ ಗುರುತಿಸಿದ್ದಾರೆ. ಉತ್ತರ ತಟ್ಟನೆ ಬಾಯಿಗೆ ಬರಲಿಲ್ಲ. ಬಿ.ಇ.ಎಲ್. ಸರ್ಕಲ್ಲಿನ ಸಿಗ್ನಲ್ಲಿನಲ್ಲಿ ಆಟೋ ನಿಂತಾಗ ಹೊಳೆಯಿತು: ಅಪ್ಪ.

ಅಪ್ಪ ಜಾಲಹಳ್ಳಿಯ ಎಚ್.ಎಂ.ಟಿ. ವಾಚ್ ಫ್ಯಾಕ್ಟರಿಯಲ್ಲಿದ್ದರು. ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಶುರುವಾದ ಕಾರ್ಖಾನೆ. ರಾತ್ರಿ ಊಟವಾದ ಮೇಲೆ ತಮ್ಮ 'ಜನತಾ' ವಾಚಿಗೆ ಕೀ ಕೊಟ್ಟು, ದಿಂಬಿನ ಪಕ್ಕ ಇಟ್ಟು ಮಲಗುತ್ತಿದ್ದರು. ಸ್ವಲ್ಪ ಹೊತ್ತಿಗೆ ಏಳುತ್ತಿದ್ದರು. ಮುಂಬಾಗಿಲ ಚಿಲಕ ಎಳೆದು ನೋಡುವರು. ಹಿತ್ತಿಲ ಬಾಗಿಲು ನೋಡುವರು. ಗ್ಯಾಸಿನ ರೆಗ್ಯುಲೇಟರ್ ಮುಟ್ಟುವರು, ಅಡುಗೆಮನೆ ನಲ್ಲಿ ತಿರುಗಿಸುವರು, ಹೊರಗೆ ಹೋಗಿ ಸ್ಕೂಟರಿನ ಹ್ಯಾಂಡಲ್ ಲಾಕ್ ಅಲುಗಿಸುವರು. ಹೇಗೂ ಹೊರಗೆ ಬಂದಾಯಿತಲ್ಲ ಎಂದು ಪಕ್ಕದ ಮನೆಯ ಗೇಟನ್ನೂ ನೋಡಿ ಬರುವರು. ಬಂದು ಮಲಗಿದ ಮೇಲೆ ಯಾವುದಾದರೂ ಒಂದು ಮತ್ತೆ ಅನುಮಾನಕ್ಕೆ ಬರುತ್ತಿತ್ತು.

ನಮ್ಮ ಬೀದಿಯಲ್ಲಿ ಇದರಿಂದ ಅಪ್ಪನಿಗೆ ಬಂದ ಹೆಸರು ಸಣ್ಣದಲ್ಲ. ಯಜಮಾನನೆಂದರೆ ಹೀಗಿರಬೇಕು ಎಂದು ಅಕ್ಕಪಕ್ಕದ ಹೆಂಗಸರು ತಮ್ಮ ಗಂಡಂದಿರನ್ನು ಮೂದಲಿಸುತ್ತಿದ್ದರು. ಊರಿಗೆ ಹೋಗುವವರು ಬೀಗದಕೈ ನಮ್ಮ ಮನೆಯಲ್ಲೇ ಕೊಟ್ಟುಹೋಗುವರು. ನಲ್ಲಿಯಲ್ಲಿ ನೀರು ಅರ್ಧರಾತ್ರಿ ಬರುತ್ತಿದ್ದ ಕಾಲ ಅದು, ನಾಲ್ಕು ಕಿಟಕಿ ತಟ್ಟಿ "ನೀರು ಬಂತು!" ಎಂದು ಎಬ್ಬಿಸುವ ಕೆಲಸವೂ ತಾನಾಗಿ ಅಪ್ಪನ ಪಾಲಿಗೆ ಬಂತು. ಬೀದಿಯ ಕೊಡಗಳೆಲ್ಲ ಅವರ ಕಾಲಿನಿಂದ ತುಂಬುತ್ತಿದ್ದವು.

ಈಗ ಕೂತು ಯೋಚಿಸಿದರೆ ಒಂದೊಂದೇ ಬಿಡಿಸಿಕೊಳ್ಳುತ್ತಿದೆ. ಮಲ್ಲೇಶ್ವರದ ಸೇವಾಸದನಕ್ಕೆ ಸಂಜೆ ಕಚೇರಿ ಕೇಳಲು ಹೋದರೆ ಅಪ್ಪ ಸಾಲಿನ ತುದಿಯ ಕುರ್ಚಿಯನ್ನೇ ಹಿಡಿಯುತ್ತಿದ್ದರು. ತನಿ ಆವರ್ತನ ಮುಗಿದ ಮೇಲೂ ಅವರ ಕಾಲು ಕುಣಿಯುತ್ತಿತ್ತು. ಲಯಜ್ಞಾನ ಎಂದರೆ ಇದು ಎಂದು ಪಕ್ಕದವರು ತಲೆದೂಗುವರು. ನೆಂಟರ ಮದುವೆಗಳಲ್ಲಿ ರಾತ್ರಿಯ ಊಟಕ್ಕೆ ಅವರು ಪಂಕ್ತಿಯಲ್ಲಿ ಕೂತದ್ದೇ ಕಡಿಮೆ. ಸಾರಿನ ಬಕೆಟ್ಟು ಹಿಡಿದು ಬಡಿಸಲು ನಿಲ್ಲುವರು, ಎಂಥ ನಿಗರ್ವಿ ಎಂದು ಬೀಗರು ಹೊಗಳುವರು. ರಾತ್ರಿ ಬಸ್ಸು ಹತ್ತುತ್ತಿರಲಿಲ್ಲ; ಹಗಲು ಹೊತ್ತು ಹೋದರೆ ಮಕ್ಕಳು ನಾಲ್ಕು ಊರು ನೋಡುತ್ತವೆ ಎನ್ನುವರು. ಅಪ್ಪನ ಸದ್ಗುಣಗಳಲ್ಲಿ ಅಪ್ಪನವೆಷ್ಟು, ಕಾಲಿನವೆಷ್ಟು ಎಂದು ಬೇರ್ಪಡಿಸುವುದು ಈಗ ನನ್ನಿಂದಾಗದು.

ಅವರು ಯಾರಿಗೂ ಹೇಳಲಿಲ್ಲ. ಹೇಳಲು ಏನಿತ್ತು? ನೋವಾಗಿದ್ದರೆ ಎಣ್ಣೆ ತಿಕ್ಕಬಹುದಿತ್ತು, ಊತವಿದ್ದರೆ ತೋರಿಸಬಹುದಿತ್ತು. ಕಣ್ಣಿಗೆ ಕಾಣದ, ಎದ್ದು ನಿಂತರೆ ಮಾಯವಾಗುವ ಕಾಯಿಲೆಯನ್ನು ಯಾರ ಮುಂದೆ ಹೇಳಿಕೊಳ್ಳುವುದು? ಅದೂ ಕೂತಲ್ಲಿ ಕಾಲು ಆಡಿಸಿದರೆ ದರಿದ್ರ ಎನ್ನುವ ಮನೆಯಲ್ಲಿ. ಆ ಮಾತು ಹೇಳುತ್ತಿದ್ದ ಅಜ್ಜಿಯೇ ರಾತ್ರಿಯಾದರೆ ಬೋರಲು ಮಲಗಿ, "ಬಾರೋ ಮಗಾ, ಕಾಲು ತುಳಿ" ಎಂದು ನಮ್ಮನ್ನು ಕರೆಯುತ್ತಿದ್ದಳು. ಗೋಡೆ ಹಿಡಿದುಕೊಂಡು ಅವಳ ಮೀನಖಂಡದ ಮೇಲೆ ನಡೆಯುವುದು ನಮಗೆ ಆಟ. ಹುರಿಗಡಲೆ ಬೆಲ್ಲ ಕೂಲಿ. ಅಜ್ಜಿಗೆ ಮೊಮ್ಮಕ್ಕಳಿದ್ದೆವು, ತುಳಿಸಿಕೊಂಡಳು. ದೊಡ್ಡ ಗಂಡಸಾದ ಅಪ್ಪನಿಗೆ ಚಿಲಕವೇ ಗತಿಯಾಯಿತು.

ಕಾಲಿನ ಒಳಗಿನ ಈ ಕಿರುಕುಳಕ್ಕೂ ಹೊತ್ತುಗೊತ್ತಿದೆ. ಕತ್ತಲಾದಂತೆ ಏರುತ್ತದೆ, ಅರ್ಧರಾತ್ರಿಯ ಆಸುಪಾಸಿನಲ್ಲಿ ಮೆರೆಯುತ್ತದೆ, ಬೆಳಗಿನ ಜಾವಕ್ಕೆ ಇಳಿಯುತ್ತದೆ. ಹಗಲೆಲ್ಲ ದೇಶಕ್ಕೆ ಗಡಿಯಾರ ಮಾಡುತ್ತಿದ್ದ ಮನುಷ್ಯನೊಳಗೆ ಅಂಥದೊಂದು ಗಡಿಯಾರ ಕೀ ಇಲ್ಲದೆಯೇ ಓಡುತ್ತಿತ್ತು. 2016ರಲ್ಲಿ ಕೇಂದ್ರ ಸರ್ಕಾರ ಎಚ್.ಎಂ.ಟಿ. ವಾಚ್ ಕಂಪನಿಯನ್ನು ಮುಚ್ಚಲು ಒಪ್ಪಿಗೆ ಕೊಟ್ಟ ಸುದ್ದಿ ಪೇಪರಿನಲ್ಲಿ ಬಂದಾಗ ಅಪ್ಪ ಇರಲಿಲ್ಲ. ಅವರ ಜನತಾ ನನ್ನ ಬೀರುವಿನಲ್ಲಿದೆ. ಕೀ ಕೊಟ್ಟರೆ ಈಗಲೂ ಓಡುತ್ತದೆ, ದಿನಕ್ಕೆ ಸ್ವಲ್ಪ ಹಿಂದೆ ಬೀಳುತ್ತದೆ ಅಷ್ಟೆ.

ಒಂದು ಮಧ್ಯಾಹ್ನ ಅಮ್ಮನ ಪಕ್ಕ ಕೂತು ಕೇಳಿದೆ: "ಅಪ್ಪನಿಗೆ ರಾತ್ರಿ ಕಾಲಲ್ಲಿ ಏನೋ ಆಗ್ತಿತ್ತು ಅಲ್ವಾಮ್ಮ?"

ಅಮ್ಮ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ. "ಗೊತ್ತಿತ್ತು ಕಣೋ."

"ಅವರು ಹೇಳಿದ್ರಾ?"

"ಅವರೆಲ್ಲಿ ಹೇಳ್ತಾರೆ. ಚಿಲಕ ಎಲ್ಲ ನಾನೇ ಹಾಕಿ ಮಲಗ್ತಿದ್ದೆ. ಹಾಕಿರೋ ಚಿಲಕಾನ ಮನುಷ್ಯ ಎಷ್ಟು ಸಲ ನೋಡ್ತಾನೆ?" ಒಂದು ಕಾಯಿ ಬಿಡಿಸಿ ಕಾಳನ್ನು ಮೊರಕ್ಕೆ ಹಾಕಿ ಮುಂದುವರಿಸಿದಳು. "ದಿನಾ ಬರೀ ಕೈಯಲ್ಲಿ ವಾಪಸ್ ಬಂದು ಮಲಗ್ತಾರಲ್ಲ, ಬೇಜಾರಾಗುತ್ತೆ ಅಂತ ಅಡುಗೆಮನೆ ನಲ್ಲೀನ ಒಂಚೂರು ಸಡಿಲ ಬಿಟ್ಟಿರ್ತಿದ್ದೆ. ಕೆಳಗೆ ತಪ್ಪಲೆ ಇಟ್ಟಿರ್ತಿದ್ದೆ, ನೀರು ಹಾಳಾಗಬಾರದಲ್ಲ. ಅದನ್ನ ಬಿಗಿಯಾಗಿ ನಿಲ್ಲಿಸಿ ಬಂದು, 'ನಾನು ನೋಡಿದ್ದಕ್ಕೆ ಆಯ್ತು' ಅನ್ನೋರು. ನಾನು ನಿದ್ದೆ ಬಂದೋಳ ಥರ ಹೂಂ ಅಂತಿದ್ದೆ."

ಆ ಮನೆಯ ನಲ್ಲಿ ತೊಟ್ಟಿಕ್ಕುತ್ತದೆಂದು, ಪ್ಲಂಬರನ್ನು ಕರೆಸಿ ವಾಷರ್ ಬದಲಾಯಿಸಬಾರದೇ ಎಂದು ನಾವು ಮಕ್ಕಳು ಎಷ್ಟೋ ಸಲ ಗೊಣಗಿದ್ದುಂಟು. ವಾಷರ್ ಚೆನ್ನಾಗಿಯೇ ಇತ್ತು. ಒಬ್ಬರು ಹೇಳದೆ, ಇನ್ನೊಬ್ಬರು ಕೇಳದೆ, ಒಂದು ತಪ್ಪಲೆ ನೀರಿನಲ್ಲಿ ಅವರಿಬ್ಬರು ಅಷ್ಟು ವರ್ಷ ಮಾತಾಡಿಕೊಂಡಿದ್ದರು.

ನನ್ನ ಮನೆಯಲ್ಲಿ ಎಲ್ಲ ಬಹಿರಂಗ. ಬೆಂಗಳೂರಿನಲ್ಲೇ ನಡೆದ ಒಂದು ಸಮೀಕ್ಷೆ ನೂರಕ್ಕೆ ಸುಮಾರು ಇಬ್ಬರಿಗೆ ಇದು ಇದೆಯೆಂದು ಹೇಳಿದೆಯಾದ್ದರಿಂದ, ನಮ್ಮ ಬೀದಿಯಲ್ಲಿ ನನ್ನ ಜೊತೆಗಾರ ಯಾರಿರಬಹುದೆಂದು ಹೆಂಡತಿ ವಾಕಿಂಗಿನಲ್ಲಿ ವಿಚಾರಿಸುತ್ತಾಳೆ. ಮಲಗುವ ಮುಂಚೆ ಮೀನಖಂಡ ನೀವಿಕೊಳ್ಳುತ್ತೇನೆ, ಬಿಸಿನೀರಲ್ಲಿ ಕಾಲಿಟ್ಟುಕೊಳ್ಳುತ್ತೇನೆ, ಪದಬಂಧ ಬಿಡಿಸುತ್ತೇನೆ. ತಲೆಗೆ ಕೆಲಸ ಕೊಟ್ಟರೆ ಕಾಲಿನ ಪಟ್ಟು ಸ್ವಲ್ಪ ಸಡಿಲುತ್ತದೆ. ಕಬ್ಬಿಣ ನಿಧಾನವಾಗಿ ಕೆಲಸ ಮಾಡುತ್ತಿದೆ. ಆದರೂ ಕೆಲವು ರಾತ್ರಿ ಏಳಲೇಬೇಕಾಗುತ್ತದೆ. ಆಗ ಅವಳು ಕಣ್ಣು ಬಿಡದೆಯೇ, "ಚಿಲಕ ಹಾಕಿದೀನಿ, ಗ್ಯಾಸ್ ಆಫ್ ಮಾಡಿದೀನಿ. ನೀವು ಸುಮ್ನೆ ಓಡಾಡಿ" ಎನ್ನುತ್ತಾಳೆ. ಅಕ್ಕರೆಯ ಮಾತೇ. ಆದರೆ ಅಪ್ಪನಿಗೆ ಸಿಕ್ಕಿದ್ದ ಯಜಮಾನಿಕೆ ನನಗೆ ಸಿಗುವ ದಾರಿ ಮಾತ್ರ ಅಲ್ಲಿಗೆ ಮುಚ್ಚಿತು.

ಮೊನ್ನೆ ಮಗ ಫೋನು ಮಾಡಿದ್ದ. ಸರ್ಜಾಪುರ ರಸ್ತೆಯ ಕಡೆ ಎತ್ತರದ ಅಪಾರ್ಟ್‌ಮೆಂಟಿನಲ್ಲಿದ್ದಾನೆ, ಮದುವೆಯಾಗಿ ಇನ್ನೂ ವರ್ಷ ತುಂಬಿಲ್ಲ. ಅದೂ ಇದೂ ಮಾತಾಡಿ, ದನಿ ತಗ್ಗಿಸಿ, "ಅಪ್ಪಾ, ನಿಮಗೆ ಕಾಲಲ್ಲಿ ಆಗೋದು ಯಾವಾಗ ಶುರುವಾಗಿತ್ತು?" ಎಂದ. ಫೆರಿಟಿನ್ ಪರೀಕ್ಷೆ ಮಾಡಿಸು, ಸಂಜೆ ಕಾಫಿ ಬಿಡು ಎಂದೆ. ಅದಲ್ಲ ಅವನ ತೊಂದರೆ. "ರಾತ್ರಿ ಯಾಕೆ ಎದ್ದೆ ಅಂತ ಇವಳು ಕೇಳ್ತಾಳೆ. ಏನು ಹೇಳ್ಲಿ?"

"ಬಾಗಿಲು ನೋಡೋಕೆ ಅಂತ ಹೇಳು."

"ನಮ್ಮನೆ ಬಾಗಿಲು ತಾನೇ ಲಾಕ್ ಆಗುತ್ತೆ, ಫೋನಲ್ಲೇ ಗೊತ್ತಾಗುತ್ತೆ."

"ಗ್ಯಾಸ್?"

"ಇಂಡಕ್ಷನ್ ಅಪ್ಪಾ."

ನಲ್ಲಿಯ ವಿಷಯ ಕೇಳಲು ಹೋಗಲಿಲ್ಲ. ಅದನ್ನು ಸಡಿಲ ಬಿಡಬೇಕಾದವಳು ಅವನ ಹೆಂಡತಿ, ನಾನು ಹೇಳಿಕೊಡುವಂಥದಲ್ಲ. "ಹಾಗಾದ್ರೆ ಇದ್ದದ್ದು ಇದ್ದ ಹಾಗೆ ಹೇಳಿಬಿಡು" ಎಂದೆ. "ನಿಮ್ಮ ತಾತ ರಾತ್ರಿಯೆಲ್ಲ ಎದ್ದು ಎಲ್ಲ ಕೆಲಸ ಮಾಡಿದ್ರು, ಅದೊಂದನ್ನ ಬಿಟ್ಟು."