ವಪೆ ಹರಿದಾಗ

ಎದೆಗೂ ಹೊಟ್ಟೆಗೂ ನಡುವಿನ ವಪೆ ಒಮ್ಮೆ ಹರಿದರೆ ತಾನಾಗಿ ಕೂಡಿಕೊಳ್ಳುವುದು ತೀರ ಅಪರೂಪ. ಉಸಿರಾಟ ಅದನ್ನು ಸುಮ್ಮನಿರಗೊಡುವುದಿಲ್ಲ. ಹೊಟ್ಟೆಯೊಳಗಿನ ಒತ್ತಡ ಎದೆಯೊಳಗಿನದಕ್ಕಿಂತ ಹೆಚ್ಚು; ಹೀಗಾಗಿ ಜಠರ, ದೊಡ್ಡಕರುಳು, ಗುಲ್ಮ ಸೀಳಿನ ಮೂಲಕ ಮೇಲೇರುತ್ತವೆ. ಬಲಗಡೆ ಯಕೃತ್ತು ಅಡ್ಡ ನಿಲ್ಲುವುದರಿಂದ ಹೆಚ್ಚಾಗಿ ಕಾಣಸಿಗುವುದು ಎಡಗಡೆಯ ಗಾಯ. 1579ರಲ್ಲಿ ಫ್ರಾನ್ಸಿನ ಶಸ್ತ್ರವೈದ್ಯ ಆಂಬ್ರ್ವಾಸ್ ಪಾರೆ ದಾಖಲಿಸಿದ ಕ್ಯಾಪ್ಟನ್ ಗುಂಡೇಟಿನಿಂದ ಬದುಕುಳಿದಿದ್ದ. ಎಂಟು ತಿಂಗಳ ಮೇಲೆ ವಪೆಯಲ್ಲಿದ್ದ ಬೆರಳ ತುದಿಯಷ್ಟು ತೂತಿನಲ್ಲಿ ಕರುಳು ಸಿಕ್ಕಿಕೊಂಡು ಸತ್ತ.

ಸಿ.ಟಿ. ಸ್ಕ್ಯಾನ್ ಇಲ್ಲದ ಕಾಲದ ಜಿಲ್ಲಾ ಆಸ್ಪತ್ರೆಗಳಿಗೆ ಲಾರಿ ಗುದ್ದಿದವರು, ಅಡಿಕೆ ಮರದಿಂದ ಬಿದ್ದವರು, ಹೋರಿ ತಿವಿದವರು ಬರುತ್ತಿದ್ದರು. ಅಂಥ ಒಂದು ಆಸ್ಪತ್ರೆಯ ಹಿರಿಯ ಸರ್ಜನ್ ಕ್ಯಾಶುವಾಲ್ಟಿಗೆ ಕಾಲಿಟ್ಟರೆ ಫ್ಯಾನ್ ನಿಲ್ಲಿಸಿ, ಜನರನ್ನು ಹೊರಗೆ ಕಳಿಸಿ, ಎಡ ಎದೆಯ ಕೆಳಭಾಗಕ್ಕೆ ಸ್ಟೆತೊಸ್ಕೋಪ್ ಇಟ್ಟು ಬಹಳ ಹೊತ್ತು ಆಲಿಸುತ್ತಿದ್ದರು. ಉಸಿರಿನ ಸದ್ದಿರಬೇಕಾದಲ್ಲಿ ಕರುಳಿನ ಗುಡುಗುಡು ಕೇಳಿಸಿದರೆ ಅನುಮಾನ ಗಟ್ಟಿಯಾಗುತ್ತಿತ್ತು. ಎದೆಗೆ ಡ್ರೈನ್ ಹಾಕಲು ಕಿರಿಯರು ಆತುರಪಟ್ಟರೆ ಕೈ ಹಿಡಿದು ತಡೆಯುತ್ತಿದ್ದರು. ಎಕ್ಸ್-ರೇಯಲ್ಲಿ ಗಾಳಿಯಂತೆ ಕಂಡದ್ದು ಉಬ್ಬಿದ ಜಠರವಾಗಿದ್ದರೆ ಡ್ರೈನ್ ಅದನ್ನೇ ತೂತು ಮಾಡುತ್ತದೆ. ಮೂಗಿನಿಂದ ಜಠರಕ್ಕೆ ರೈಲ್ಸ್ ಟ್ಯೂಬ್ ಇಳಿಸಿ ಇನ್ನೊಂದು ಫಿಲಂ ತೆಗೆಯಬೇಕು ಎನ್ನುತ್ತಿದ್ದರು.

ಫಿಲಂಗೆ ಬರ. ರೋಗಿಗೆ ಒಂದೇ ಎಂಬುದು ಟೆಕ್ನಿಷಿಯನ್ನನ ಹಟ. "ನಾಳೆಯ ಹರ್ನಿಯಾ ಕೇಸಿಗೆ ಎದೆ ಫಿಲಂ ಕೇಳೋದಿಲ್ಲ, ಇವತ್ತು ಇದೊಂದು ಕೊಡಪ್ಪ" ಎಂದು ಸರ್ಜನ್ ಚೌಕಾಸಿಗೆ ಇಳಿಯುತ್ತಿದ್ದರು. ಆಮೇಲೆ ಇಬ್ಬರೂ ಡಾರ್ಕ್ ರೂಮಿನಲ್ಲಿ. ಅಲ್ಲಿನ ಹೈಪೋ ದ್ರಾವಣದ ಹುಳಿ ವಾಸನೆ ಅಂಗಿಗೆ ಅಂಟಿ ಮನೆವರೆಗೂ ಬರುತ್ತಿತ್ತು. ಒದ್ದೆ ಫಿಲಂ ಬೆಳಕಿಗೆ ಹಿಡಿದಾಗ ಟ್ಯೂಬಿನ ತುದಿ ಎದೆಗೂಡಿನಲ್ಲಿ ಸುರುಳಿ ಸುತ್ತಿದ್ದರೆ ಥಿಯೇಟರಿಗೆ ಕರೆ ಹೋಗುತ್ತಿತ್ತು.

ಹೊಟ್ಟೆಯನ್ನು ನಡುವಿನಲ್ಲಿ ಕೊಯ್ದು ಮೊದಲು ರಕ್ತಸ್ರಾವ ನಿಲ್ಲಿಸಬೇಕು. ಎಷ್ಟೋ ಸಲ ಗುಲ್ಮವೂ ಒಡೆದಿರುತ್ತದೆ. ಮೇಲೇರಿದ ಅಂಗಗಳನ್ನು ಮೆಲ್ಲಗೆ ಇಳಿಸಿ, ಎದೆಗೂಡು ತೊಳೆದು, ಹರಿದ ಅಂಚುಗಳನ್ನು ಕರಗದ ದಪ್ಪ ದಾರದಿಂದ ಹೊಲಿದು, ಡ್ರೈನ್ ಇಡಬೇಕು. ದಾರ ಆಗ ಸಿಲ್ಕ್, ಈಗ ಪ್ರೊಲೀನ್. ಎರಡೂ ಬದಿಯ ವಪೆಯನ್ನು ಅಂಗೈಯಿಂದ ಸವರಿ ನೋಡದೆ ಹೊಟ್ಟೆ ಮುಚ್ಚಲು ಆ ಸರ್ಜನ್ ಯಾರಿಗೂ ಬಿಡುತ್ತಿರಲಿಲ್ಲ.

ಆ ಕಾಲವೇ ಚೆನ್ನಾಗಿತ್ತು ಎಂದರೆ ಸತ್ತವರಿಗೆ ಅನ್ಯಾಯ. ಚೂರಿ ಇರಿತದ ಸಣ್ಣ ತೂತುಗಳು ಫಿಲಂನಲ್ಲಿ ಕಾಣದೆ ತಪ್ಪಿಹೋಗುತ್ತಿದ್ದವು; ವರ್ಷಗಳ ಮೇಲೆ ಅದೇ ರೋಗಿಗಳು ಕೊಳೆತ ಕರುಳಿನೊಂದಿಗೆ ಬರುತ್ತಿದ್ದರು. ಸಿ.ಟಿ. ಈಗ ಹರಿದ ಅಂಚನ್ನು, ಸೀಳಿನಲ್ಲಿ ಸೊಂಟ ಬಿಗಿದಂತೆ ಇರುಕಿದ ಜಠರವನ್ನು ತೋರಿಸುತ್ತದೆ. ಅದಕ್ಕೂ ಕಾಣದ್ದನ್ನು ಲ್ಯಾಪರೊಸ್ಕೋಪಿಯಲ್ಲಿ ಹುಡುಕಿ ಅಲ್ಲೇ ಹೊಲಿಯಬಹುದು. ಆದರೂ ವೆಂಟಿಲೇಟರಿನ ಒತ್ತಡ ಅಂಗಗಳನ್ನು ಕೆಳಗೇ ತಡೆದಿಟ್ಟು ಮೊದಲ ಸ್ಕ್ಯಾನ್ ಸರಿಯಾಗಿಯೇ ಕಾಣಬಹುದು. ವೆಂಟಿಲೇಟರ್ ತೆಗೆದ ಮೇಲೆ ಜಠರ ಮೇಲೇರುತ್ತದೆ. ಎದೆಗೆ ಮತ್ತೆ ಕಿವಿಗೊಡಬೇಕಾದ ಆ ಹೊತ್ತಿನಲ್ಲಿ ರಿಪೋರ್ಟ್ ಬರಲಿ ಎಂದು ಮೊಬೈಲ್ ಹಿಡಿದು ಕೂರುವ ವೈದ್ಯರೇ ಇಂದು ಹೆಚ್ಚು. ಡಾರ್ಕ್ ರೂಮುಗಳನ್ನು ಕೆಡವಿದ್ದು ಸರಿ, ಆಲಿಸುವ ಅಭ್ಯಾಸವನ್ನೂ ಅವುಗಳೊಂದಿಗೆ ಕೆಡವಬಾರದಿತ್ತು.

ತಡವಾಗಿ ಬಂದವರಲ್ಲಿ ಅಂಗಗಳು ಶ್ವಾಸಕೋಶಕ್ಕೆ ಅಂಟಿರುತ್ತವೆ. ಅಂಥಲ್ಲಿ ಎದೆಯ ಕಡೆಯಿಂದ ತೆರೆದು ಬಿಡಿಸುವುದು ಹಲವು ಸರ್ಜನ್ನರ ರೂಢಿ. ಅಂಚುಗಳು ಕುಗ್ಗಿ ಕೂಡದಿದ್ದರೆ ಮೆಶ್ ಇಡುತ್ತಾರೆ. ಕರುಳು ಕೊಳೆತಿದ್ದರೆ ಸೋಂಕಿನ ಭಯದಿಂದ ಸಿಂಥೆಟಿಕ್ ಮೆಶ್ಶನ್ನು ದೂರವಿಡುತ್ತಾರೆ.